ಅಕ್ಕಿ ಕಾಳಿನಷ್ಟು ಸೈನಿಕರು: ಪುಟ್ಟ ಅಳತೆಯ ಸೈ-ಫೈ ಸೈನ್ಯಕ್ಕೆ ಬಣ್ಣ ಹಚ್ಚುವ ಬಗೆ

ಮೊದಲ ಸಲ 8 ಮಿ.ಮೀ. ಎತ್ತರದ ಐದು ಸೈನಿಕ ಗೊಂಬೆಗಳಿಗೆ ಬಣ್ಣ ಹಚ್ಚಿ ಮುಗಿಸಲು ನನಗೆ ಮೂರು ಗಂಟೆ ಹಿಡಿಯಿತು. ಹೆಲ್ಮೆಟ್ಟಿನ ಕಣ್ಣಿಗೆ ಕೆಂಪು ಚುಕ್ಕೆ, ಸೊಂಟದ ಪಟ್ಟಿಗೆ ಕಂದು, ಬಂದೂಕಿನ ಮ್ಯಾಗಜಿನ್‌ಗೆ ಬೇರೆ ಬೆಳ್ಳಿ ಬಣ್ಣ. ಭೂತಗನ್ನಡಿಯ ಕೆಳಗೆ ನೋಡಿ ಖುಷಿಪಟ್ಟೆ. ಆಮೇಲೆ ಆಟದ ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದೆ. ಕಂಡದ್ದು ಐದು ಮಂಕು ಚುಕ್ಕೆ. ಪಕ್ಕದಲ್ಲೇ ಬಣ್ಣದ ಪರೀಕ್ಷೆಗೆಂದು ಹತ್ತು ನಿಮಿಷದಲ್ಲಿ ಬಳಿದು ಬಿಟ್ಟಿದ್ದ ಇನ್ನೊಂದು ಗುಂಪಿತ್ತು. ಮೈಗೆಲ್ಲ ಬೇಸ್ ಬಣ್ಣ, ತಗ್ಗುಗಳಲ್ಲಿ ನೆರಳಾಗಿ ಕೂರುವ ತೆಳು ಬಣ್ಣದ ಒಂದು ವಾಶ್, ಉಬ್ಬುಗಳಿಗೆ ಮಾತ್ರ ಒಣ ಬ್ರಷ್ ಸವರುವ ಒಂದು ಡ್ರೈಬ್ರಷ್, ಅಷ್ಟೇ. ಅದು ಮಾತ್ರ ಸೈನ್ಯದ ಹಾಗೆ ಎದ್ದು ಕಾಣುತ್ತಿತ್ತು!

ಈ ಅಳತೆಯಲ್ಲಿ ಗೊಂಬೆಗೆ ಬಣ್ಣ ಹಚ್ಚುವುದಕ್ಕಿಂತ, ಒಂದು ಮಾರು ದೂರದಿಂದ ನೋಡುವವನ ಕಣ್ಣಿಗೆ ಬಣ್ಣ ಹಚ್ಚಬೇಕು. ದಸರಾ ಗೊಂಬೆ ಕೂರಿಸುವ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತು. ಮೇಲಿನ ಮೆಟ್ಟಿಲಿನ ಗೊಂಬೆಯ ಕಿವಿಯೋಲೆಯನ್ನು ಯಾರೂ ನೋಡುವುದಿಲ್ಲ, ಸೀರೆಯ ಬಣ್ಣ ನೋಡುತ್ತಾರೆ.

ಎಷ್ಟು ಪುಟ್ಟದು ಅಂದರೆ ಪುಟ್ಟದು

ಹೆಚ್ಚಿನವರಿಗೆ ಪರಿಚಯವಿರುವ ಟೇಬಲ್‌ಟಾಪ್ ಯುದ್ಧದಾಟಗಳ ಗೊಂಬೆಗಳು 28 ಮಿ.ಮೀ. ಆಸುಪಾಸಿನವು. ಅದರಲ್ಲಿ ಒಂದು ಆಟಕ್ಕೆ ಮೂವತ್ತು ನಲವತ್ತು ಸೈನಿಕರು ಸಾಕು. ಇಡೀ ರೆಜಿಮೆಂಟು, ಸಾಲು ಸಾಲು ಟ್ಯಾಂಕು, ಮೇಲೆ ವಿಮಾನ, ನಡುವೆ ಬಹುಮಹಡಿ ಕಟ್ಟಡದಷ್ಟು ಎತ್ತರದ ಯಂತ್ರಮಾನವ, ಇಷ್ಟೆಲ್ಲ ಒಂದೇ ಮೇಜಿನ ಮೇಲೆ ಬೇಕು ಅಂದರೆ ಅಳತೆ ಇಳಿಸಲೇಬೇಕು. ಗೇಮ್ಸ್ ವರ್ಕ್‌ಶಾಪ್ ಎಂಬ ಬ್ರಿಟಿಷ್ ಕಂಪನಿ 1988ರಲ್ಲಿ ಅಡೆಪ್ಟಸ್ ಟೈಟಾನಿಕಸ್ ಆಟವನ್ನೂ ಮರುವರ್ಷ ಸ್ಪೇಸ್ ಮರೀನ್ ಆಟವನ್ನೂ ತಂದದ್ದು ಹೀಗೆ. ಆ ಸಾಲಿನ ಹೊಸ ಆಟ ಲೀಜನ್ಸ್ ಇಂಪೀರಿಯಾಲಿಸ್ 2023ರ ಡಿಸೆಂಬರಿನಲ್ಲಿ ಬಂತು. ಅದರ ಸೈನಿಕ ಸುಮಾರು 8 ಮಿ.ಮೀ. 1984ರಲ್ಲಿ ಶುರುವಾದ ಬ್ಯಾಟಲ್‌ಟೆಕ್ ಆಟದ ಯಂತ್ರಗಳು ಇನ್ನೂ ಸ್ವಲ್ಪ ಚಿಕ್ಕ ಅಳತೆಯವು. ಅವನ್ನು ಸಾಮಾನ್ಯವಾಗಿ 1:285 ಅನುಪಾತಕ್ಕೆ ಸೇರಿಸುತ್ತಾರೆ. ಆ ಲೆಕ್ಕದಲ್ಲಿ 170 ಸೆಂ.ಮೀ. ಎತ್ತರದ ಮನುಷ್ಯ 6 ಮಿ.ಮೀ. ಆಗುತ್ತಾನೆ. ಒಂದು ಸೋನಾ ಮಸೂರಿ ಕಾಳನ್ನು ನಿಲ್ಲಿಸಿದರೆ ಹೆಚ್ಚುಕಡಿಮೆ ಅಷ್ಟೇ.

ನಾನಿಲ್ಲಿ ಉದಾಹರಣೆಗೆ ತೆಗೆದುಕೊಳ್ಳುವುದು ನನ್ನದೇ ಪಡೆ: ಲೀಜನ್ಸ್ ಇಂಪೀರಿಯಾಲಿಸ್‌ನ ಇಂಪೀರಿಯಲ್ ಫಿಸ್ಟ್ಸ್. 25 ಮಿ.ಮೀ. ದುಂಡು ಬೇಸಿನ (ಗೊಂಬೆ ನಿಲ್ಲುವ ಪೀಠ) ಮೇಲೆ ಐದೈದು ಸೈನಿಕರು, ಅಂಥ 24 ಬೇಸು, 14 ಟ್ಯಾಂಕು, ವಾರ್‌ಹೌಂಡ್ ಟೈಟನ್ ಎಂಬ ಒಂದು ದೈತ್ಯ ಯಂತ್ರಮಾನವ. ಇದೇ ವಿಧಾನ ಬೇರೆ ಯಾವ 6 ಅಥವಾ 8 ಮಿ.ಮೀ. ಸೈನ್ಯಕ್ಕೂ ಆಗುತ್ತದೆ. ಬಣ್ಣ ಮಾತ್ರ ನಿಮ್ಮದು.

ಬಣ್ಣ ಆರಿಸುವುದು

ವಸ್ತು ಚಿಕ್ಕದಾದಷ್ಟೂ ಅದರ ಬಣ್ಣ ಕಪ್ಪಗೆ ಕಾಣುತ್ತದೆ. ಸೀಸೆಯಲ್ಲಿ ಚೆಂದ ಕಂಡ ಗಾಢ ನೀಲಿ, 8 ಮಿ.ಮೀ. ಸೈನಿಕನ ಮೇಲೆ ಸುಮ್ನೆ ಕಪ್ಪು. ಆದ್ದರಿಂದ ನಿಮಗೆ ಬೇಕೆನಿಸಿದ ಬಣ್ಣಕ್ಕಿಂತ ಒಂದು ಹಂತ ತಿಳಿಯಾದದ್ದನ್ನು ತೆಗೆದುಕೊಳ್ಳಿ. ಗಾಢ ಹಸಿರು ಬೇಕಾದರೆ ಎಲೆ ಹಸಿರಿನಿಂದ ಶುರು ಮಾಡಿ. ವಾಶ್ ಹೇಗೂ ಅದನ್ನು ಕೆಳಗೆಳೆಯುತ್ತದೆ.

ಮೂರೇ ಬಣ್ಣ ಇಟ್ಟುಕೊಳ್ಳಿ. ಮೈಯ ಬಹುಪಾಲಿಗೆ ಒಂದು, ಬಂದೂಕು ಮತ್ತು ಕಬ್ಬಿಣಕ್ಕೆ ಒಂದು, ಕಣ್ಣಿಗೆ ಹೊಡೆಯುವ ಚುಕ್ಕೆಗೆ ಒಂದು. ನಾಲ್ಕನೆಯದು ಬೇಕೇ ಬೇಕು ಅನ್ನಿಸಿದರೆ ಅದನ್ನು ಬೇಸಿನ ನೆಲಕ್ಕೆ ಕೊಡಿ. ನೆಲದ ಬಣ್ಣ ಸೈನಿಕರ ಬಣ್ಣಕ್ಕೆ ಎದುರಾಗಿರಲಿ. ಹಳದಿ ಸೈನಿಕರನ್ನು ಒಣ ಮರಳುಗಾಡಿನಲ್ಲಿ ನಿಲ್ಲಿಸಿದರೆ ಮರಳಿನಲ್ಲೇ ಕರಗುತ್ತಾರೆ. ಬೂದು ಕಾಂಕ್ರೀಟಿನ ಮೇಲೋ ಗಾಢ ಕಂದು ಮಣ್ಣಿನ ಮೇಲೋ ನಿಲ್ಲಿಸಿ, ಹೇಗೆ ಎದ್ದು ಬರುತ್ತಾರೆ ನೋಡಿ.

ಇಂಪೀರಿಯಲ್ ಫಿಸ್ಟ್ಸ್ ಅಂದರೆ ಹಳದಿ ಕವಚ, ಅದರಲ್ಲಿ ಆಯ್ಕೆ ಇಲ್ಲ. ಒಂದು ದಳದ ಗುರುತಿಗೆಂದು ಎಡಭುಜಕ್ಕೆ ಕೆಂಪು ಹಚ್ಚಿದೆ. ಗೆಳೆಯ ಬಂದವನೇ "ಏನಿದು, ರಾಜ್ಯೋತ್ಸವಕ್ಕೆ ಹೊರಟ ಸೈನ್ಯಾನಾ?" ಅಂದ. ಅಲ್ಲಿಂದ ಆ ದಳಕ್ಕೆ ರಾಜ್ಯೋತ್ಸವ ದಳ ಅಂತಲೇ ಹೆಸರಾಯಿತು.

ಮೊದಲು ಒಂದೇ ಬೇಸ್, ಐದೇ ಸೈನಿಕರನ್ನು ಕೊನೆಯ ಹಂತದವರೆಗೂ ಮುಗಿಸಿ. ನೆಲ, ಅಂಚು, ವಾರ್ನಿಶ್ ಸಮೇತ. ಆಮೇಲೆ ಮೇಜಿನ ಮೇಲಿಟ್ಟು ಒಂದು ಮಾರು ದೂರದಿಂದ ನೋಡಿ. ಮೊಬೈಲಿನಲ್ಲಿ ಫೋಟೋ ತೆಗೆದು ಕಪ್ಪುಬಿಳುಪು ಮಾಡಿ. ಸೈನಿಕ ಎಲ್ಲಿ ಮುಗಿದ, ನೆಲ ಎಲ್ಲಿ ಶುರುವಾಯಿತು ಅಂತ ಅದರಲ್ಲೂ ಗೊತ್ತಾಗಬೇಕು. ಗೊತ್ತಾಗದಿದ್ದರೆ ಬಣ್ಣ ಬದಲಿಸಿ. ಈಗ ಬದಲಿಸುವುದು ಐದು ಜನರಿಗೆ, ಆಮೇಲೆ ನೂರಿಪ್ಪತ್ತು ಜನರಿಗೆ.

ತೊಳೆಯುವುದು, ಕಡ್ಡಿಗೆ ಕೂರಿಸುವುದು

ಪ್ಲಾಸ್ಟಿಕ್ಕಿನವಾದರೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಅವು ಅಂಟಿಕೊಂಡು ಬರುವ ಫ್ರೇಮ್ ಸಮೇತ ತೊಳೆದು ಒಣಗಿಸಿ. ರೆಸಿನ್ ಎರಕದವಕ್ಕೆ ಇದು ಕಡ್ಡಾಯ, ಅಚ್ಚಿನ ಎಣ್ಣೆ ಉಳಿದರೆ ಪ್ರೈಮರ್ (ಬಣ್ಣಕ್ಕೆ ಮುಂಚಿನ ತಳಪದರ) ಹಿಡಿಯುವುದಿಲ್ಲ. ಮನೆಯಲ್ಲೇ 3ಡಿ ಪ್ರಿಂಟ್ ಮಾಡಿದ ರೆಸಿನ್ ಗೊಂಬೆಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು, ಯುವಿ ಬೆಳಕಿನಲ್ಲಿ ಪೂರ್ತಿ ಗಟ್ಟಿ ಮಾಡಿದ ಮೇಲೆಯೇ ಬರಿಗೈಯಲ್ಲಿ ಮುಟ್ಟಿ. ಅಲ್ಲಿಯವರೆಗೆ ಕೈಗವಸು ಬೇಕು. ಅಂಟಂಟು ರೆಸಿನ್ ಚರ್ಮಕ್ಕೆ ಒಳ್ಳೆಯದಲ್ಲ. ಅಚ್ಚಿನ ಗೆರೆಗಳನ್ನು ಚಾಕುವಿನ ಬೆನ್ನಿನಿಂದ ಕೆರೆಯಬಹುದು. ಸೈನಿಕರ ಹೆಲ್ಮೆಟ್ಟಿನ ಮೇಲೆ ಗೆರೆ ಕಂಡರೆ ಮಾತ್ರ ಕೆರೆಯಿರಿ, ಕಾಲಿನದ್ದು ಯಾರಿಗೂ ಕಾಣುವುದಿಲ್ಲ.

ಬೇಸಿಗೆ ಅಂಟಿಸಿ ಬಣ್ಣ ಹಚ್ಚಬೇಕೋ, ಹಚ್ಚಿ ಅಂಟಿಸಬೇಕೋ? ಎರಡೂ ಮಾಡಿ ನೋಡಿದ್ದೇನೆ. ಬೇಸಿನ ಮೇಲೆ ಐದು ಜನ ಒತ್ತೊತ್ತಾಗಿ ನಿಂತಿದ್ದರೆ ನಡುವಿನವನ ಎದೆಗೆ ಬ್ರಷ್ ಹೋಗುವುದಿಲ್ಲ. ಆದ್ದರಿಂದ ನಾನು ಕಡ್ಡಿಯ ಪಕ್ಷ. ಐಸ್‌ಕ್ರೀಮ್ ಕಡ್ಡಿಯ ಮೇಲೆ ಡಬಲ್ ಸೈಡ್ ಟೇಪ್ ಹಾಕಿ ಒಂದು ಬೆರಳಗಲ ಬಿಟ್ಟು ಐದು ಜನರನ್ನು ನಿಲ್ಲಿಸಿ. ಒಂದು ಕಡ್ಡಿ, ಒಂದು ಬೇಸು. ಟೇಪ್ ಸಾಲದು ಅನ್ನಿಸಿದರೆ ಪಾದಕ್ಕೆ ಸಾಸಿವೆ ಕಾಳಿನಷ್ಟು ಫೆವಿಕಾಲ್ ಸಾಕು, ಆಮೇಲೆ ಚಾಕುವಿನಿಂದ ಎಬ್ಬಿಸಬಹುದು. ಸೂಪರ್ ಗ್ಲೂ ಬೇಡ, ಎಬ್ಬಿಸುವಾಗ ಕಾಲೇ ಮುರಿದು ಬರುತ್ತದೆ. ಟ್ಯಾಂಕುಗಳನ್ನು ನೀರಿನ ಬಾಟಲಿಯ ಮುಚ್ಚಳದ ಮೇಲೆ ಬ್ಲೂಟ್ಯಾಕ್ ಎಂಬ ಮೆತ್ತನೆ ಅಂಟಿನಿಂದ ಕೂರಿಸಿ.

ಒಂದು ಮಾತು: ಕೆಲಸ ಶುರು ಮಾಡುವ ಮುನ್ನ ಮೇಜಿನ ಕೆಳಗೆ ತಿಳಿ ಬಣ್ಣದ ಬೆಡ್‌ಶೀಟ್ ಹಾಸಿ. ಕೆಳಗೆ ಬಿದ್ದ ಸೈನಿಕ ಪೊರಕೆಯ ಪಾಲು. ನನ್ನ ಪಡೆಯಲ್ಲಿ ಇಬ್ಬರು ಹೀಗೆ ಹುತಾತ್ಮರಾಗಿದ್ದಾರೆ.

ಪ್ರೈಮರ್, ಮತ್ತು ಮಳೆಗಾಲ

ಪುಟ್ಟ ಗೊಂಬೆಗಳು ಹಾಳಾಗುವುದು ಹೆಚ್ಚಾಗಿ ಇಲ್ಲೇ. ಪ್ರೈಮರ್ ದಪ್ಪವಾದರೆ ಅರ್ಧ ಮಿಲಿಮೀಟರಿನ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಆಮೇಲೆ ವಾಶ್ ನಿಲ್ಲಲು ಜಾಗವೇ ಇರುವುದಿಲ್ಲ.

ಸ್ಪ್ರೇ ಡಬ್ಬಿಯನ್ನು ಎರಡು ನಿಮಿಷ ಚೆನ್ನಾಗಿ ಅಲ್ಲಾಡಿಸಿ. ಗೊಂಬೆಯಿಂದ ಒಂದು ಗೇಣು ದೂರ ಹಿಡಿಯಿರಿ, ಅಂದರೆ 20ರಿಂದ 25 ಸೆಂ.ಮೀ. ಗೊಂಬೆಯ ಆಚೆಯಿಂದ ಒತ್ತಲು ಶುರು ಮಾಡಿ, ಅದರ ಮೇಲೆ ಹಾಯಿಸಿ, ಈಚೆ ದಾಟಿದ ಮೇಲೆ ಬಿಡಿ. ಒಂದೊಂದು ಸಲವೂ ಒಂದು ಸೆಕೆಂಡ್ ಸಾಕು. ಕಡ್ಡಿ ತಿರುಗಿಸಿ ನಾಲ್ಕೂ ದಿಕ್ಕಿನಿಂದ ಹೀಗೆ ಮಾಡಿ. ಅಲ್ಲಲ್ಲಿ ಕೆಳಗಿನ ಪ್ಲಾಸ್ಟಿಕ್ ಮಸುಕಾಗಿ ಕಂಡರೂ ಚಿಂತೆಯಿಲ್ಲ, ಪೂರ್ತಿ ಮುಚ್ಚಲು ಹೋಗಬೇಡಿ. ಇದು ಟೆರೇಸಿನ ಕೆಲಸ, ಮೂಗಿಗೆ ಮಾಸ್ಕ್ ಇರಲಿ.

ಒಂದು ಜುಲೈ ಸಂಜೆ, ಮಳೆ ನಿಂತ ಹತ್ತು ನಿಮಿಷಕ್ಕೆ ಅವಸರದಲ್ಲಿ ನಲವತ್ತು ಸೈನಿಕರಿಗೆ ಪ್ರೈಮರ್ ಹೊಡೆದೆ. ಒಣಗಿದ ಮೇಲೆ ಮುಟ್ಟಿದರೆ ಉಪ್ಪು ಕಾಗದದ ಹಾಗೆ ತರಿತರಿ. ತೇವದ ಗಾಳಿಯಲ್ಲಿ ಸ್ಪ್ರೇ ಮಾಡಿದರೆ ಹೀಗೆ ಕೆಡುತ್ತದೆ. ಉರಿಬಿಸಿಲಿನಲ್ಲಿ ದೂರದಿಂದ ಹೊಡೆದರೂ ಅಷ್ಟೇ, ಹನಿ ದಾರಿಯಲ್ಲೇ ಒಣಗಿ ಪುಡಿಯಾಗಿ ಕೂರುತ್ತದೆ. 28 ಮಿ.ಮೀ. ಗೊಂಬೆಯಲ್ಲಿ ಇದನ್ನು ಮರೆಮಾಚಬಹುದು. 8 ಮಿ.ಮೀ.ನಲ್ಲಿ ಆಗುವುದಿಲ್ಲ, ಒಂದೊಂದು ತರಿಯೂ ಸೈನಿಕನ ಮುಷ್ಟಿಯಷ್ಟು ದೊಡ್ಡದು. ಮೊಬೈಲಿನಲ್ಲಿ ಗಾಳಿಯ ತೇವ ನೋಡಿ, 60-65 ಶೇಕಡಾ ದಾಟಿದ್ದರೆ ಅವತ್ತು ಬೇಡ. ಬೆಂಗಳೂರಿನಲ್ಲಿ ಮಳೆ ಇಲ್ಲದ ದಿನ ಬೆಳಿಗ್ಗೆ ಹನ್ನೊಂದರ ನಂತರ ಒಳ್ಳೆಯ ಹೊತ್ತು. ಮಂಗಳೂರು, ಕಾರವಾರದ ಕಡೆಯವರು ಮಳೆಗಾಲದಲ್ಲಿ ಸ್ಪ್ರೇ ಮರೆತು, ಬ್ರಷ್‌ನಿಂದ ಹಚ್ಚುವ ವಲ್ಲೆಹೋ ಥರದ ಪ್ರೈಮರ್ ತರಿಸಿಕೊಳ್ಳುವುದು ಒಳ್ಳೆಯದು. ಎರಡು ತೆಳು ಪದರ, ನಡುವೆ ಒಂದು ಗಂಟೆ, ಆಮೇಲೆ ರಾತ್ರಿಯಿಡೀ ಬಿಟ್ಟುಬಿಡಿ.

ಪ್ರೈಮರಿನ ಬಣ್ಣ? ಹಳದಿ, ಕೆಂಪು, ಬಿಳಿ ಸೈನ್ಯಕ್ಕೆ ದಂತದ ಬಣ್ಣ ಅಥವಾ ಬಿಳಿ. ಉಳಿದದ್ದಕ್ಕೆ ತಿಳಿ ಬೂದು. ಕಪ್ಪು ಪ್ರೈಮರ್ ಮೇಲೆ ಬಿಳಿಯನ್ನು ಮೇಲಿನಿಂದ ಓರೆಯಾಗಿ ಹೊಡೆದು ನೆರಳುಬೆಳಕು ತರುವ ವಿಧಾನ ಚೆನ್ನಾಗಿದೆ. ಟ್ಯಾಂಕಿಗೂ ಟೈಟನ್‌ಗೂ ನಾನು ಅದನ್ನೇ ಮಾಡುತ್ತೇನೆ. ಪದಾತಿಗೆ ಆ ಶ್ರಮ ಬೇಕಿಲ್ಲ.

ಬ್ರಷ್ಷೂ ಬಣ್ಣದ ಹದವೂ

ಪುಟ್ಟ ಗೊಂಬೆಗೆ ಪುಟ್ಟ ಬ್ರಷ್ ಅಂತ ಎಲ್ಲರೂ 000 ಸೈಜಿನದ್ದನ್ನು ತರುತ್ತಾರೆ. ನಾನೂ ತಂದಿದ್ದೆ. ಅದರ ಹೊಟ್ಟೆಯಲ್ಲಿ ಬಣ್ಣವೇ ನಿಲ್ಲುವುದಿಲ್ಲ. ಅದ್ದಿ ಗೊಂಬೆಯ ಹತ್ತಿರ ತರುವಷ್ಟರಲ್ಲಿ ತುದಿ ಒಣಗಿರುತ್ತದೆ. ಬೇಕಿರುವುದು 1 ಅಥವಾ 2ನೇ ಸೈಜು, ತುದಿ ಮಾತ್ರ ಸೂಜಿಯಂತೆ ಕೂಡಬೇಕು. ಕೊಲಿನ್ಸ್ಕಿ ಎಂಬ ಪ್ರಾಣಿಯ ಕೂದಲಿನದು ತುಟ್ಟಿ, ಆದರೆ ಒಂದೇ ಒಂದು ತಂದು ಜೋಪಾನ ಮಾಡಿದರೆ ಇಡೀ ಸೈನ್ಯ ಮುಗಿಯುತ್ತದೆ. ತುದಿ ಕೂಡಿಸಲು ಬಾಯಿಗೆ ಇಟ್ಟುಕೊಳ್ಳುವ ಚಟ ಬಿಡಿ. ಡ್ರೈಬ್ರಷ್‌ಗೆ ಮೇಕಪ್ ಅಂಗಡಿಯ ದುಂಡು ತಲೆಯ ಮೆತ್ತನೆ ಬ್ರಷ್‌ಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಬಣ್ಣದ ಹದ ನೀರು ಮಜ್ಜಿಗೆಯದ್ದು. ದೋಸೆ ಹಿಟ್ಟಿನಂತಿದ್ದರೆ ಇನ್ನೂ ಒಂದು ಹನಿ ನೀರು ಸೇರಿಸಿ. ಸ್ಟೇಶನರಿ ಅಂಗಡಿಯ ಅಕ್ರಿಲಿಕ್ ಬಣ್ಣಗಳು ಅಗ್ಗ ನಿಜ, ಆದರೆ ಅವುಗಳ ಪುಡಿ ತುಸು ಒರಟು. ನೆಲಕ್ಕೆ, ಕಟ್ಟಡಗಳಿಗೆ ಧಾರಾಳ ಬಳಸಿ, ಸೈನಿಕರ ಮೈಗೆ ಬೇಡ.

ಬಣ್ಣ ಬೇಗ ಒಣಗದಂತೆ ವೆಟ್ ಪ್ಯಾಲೆಟ್ ಮನೆಯಲ್ಲೇ ಮಾಡಬಹುದು. ಅಗಲ ತಳದ ಟಿಫನ್ ಡಬ್ಬಿ, ಅದರೊಳಗೆ ಒದ್ದೆ ಸ್ಪಾಂಜ್, ಮೇಲೆ ಬೇಕಿಂಗ್ ಪೇಪರ್. ಬಟರ್ ಪೇಪರ್ ಹೆಸರಿನಲ್ಲಿ ಸಿಗುವ ಎಲ್ಲವೂ ಆಗುವುದಿಲ್ಲ. ಮೇಣ ಹಚ್ಚಿದ್ದರೆ ನೀರು ಮೇಲೆ ಬರುವುದಿಲ್ಲ. ಒದ್ದೆ ಸ್ಪಾಂಜಿನ ಮೇಲೆ ಒಂದು ತುಂಡು ಇಟ್ಟು ಐದು ನಿಮಿಷ ಬಿಟ್ಟು ಮೇಲ್ಭಾಗ ಮುಟ್ಟಿ ನೋಡಿ. ತಣ್ಣಗೆ, ತೇವವಾಗಿದ್ದರೆ ಅದು ನಮಗೆ ಬೇಕಾದ ಕಾಗದ.

ಪದಾತಿ ದಳ, ಹೆಜ್ಜೆ ಹೆಜ್ಜೆಯಾಗಿ

ಆರು ಕಡ್ಡಿ, ಅಂದರೆ ಮೂವತ್ತು ಜನರನ್ನು ಒಮ್ಮೆಗೆ ತೆಗೆದುಕೊಳ್ಳಿ. ಅದಕ್ಕಿಂತ ಜಾಸ್ತಿ ಆದರೆ ಬೇಸರ ಬರುತ್ತದೆ. ಕಡಿಮೆಯಾದರೆ ಮೊದಲ ಕಡ್ಡಿ ಒಣಗಲಿ ಅಂತ ಸುಮ್ನೆ ಕೂರಬೇಕಾಗುತ್ತದೆ. ಮೂವತ್ತಾದರೆ ಕೊನೆಯವನನ್ನು ಮುಗಿಸುವಷ್ಟರಲ್ಲಿ ಮೊದಲನೆಯವನು ಒಣಗಿರುತ್ತಾನೆ.

ಮೊದಲು ಇಡೀ ಮೈಗೆ ತುಸು ಓಕರ್, ಅಂದರೆ ಮಣ್ಣಿನ ಛಾಯೆಯ ಹಳದಿ. ಸಿಟಾಡೆಲ್ ಬ್ರ್ಯಾಂಡಿನ ಆವರ್ಲ್ಯಾಂಡ್ ಸನ್‌ಸೆಟ್ ಬಣ್ಣ ಇದಕ್ಕೆ ಹೇಳಿಮಾಡಿಸಿದ್ದು. ಶುದ್ಧ ನಿಂಬೆ ಹಳದಿಗಳು ಕೆಳಗಿನ ಬಣ್ಣವನ್ನು ಮುಚ್ಚುವುದಿಲ್ಲ, ನಾಲ್ಕು ಸಲ ಹಚ್ಚಿದರೂ ಪಟ್ಟೆ ಪಟ್ಟೆ. ಓಕರ್ ಒಂದೆರಡು ಸಲಕ್ಕೆ ಮುಚ್ಚುತ್ತದೆ. ಬಂದೂಕಿನ ಮೇಲೆ ಹರಿದರೂ ಪರವಾಗಿಲ್ಲ, ಎಚ್ಚರದಿಂದ ಸುತ್ತಿ ಬಳಿಯುವ ಅಗತ್ಯವಿಲ್ಲ.

ಇನ್ನು ವಾಶ್. ಬಹಳ ಜನ ಕೆಡಿಸಿಕೊಳ್ಳುವುದು ಈ ಹಂತದಲ್ಲಿ. ಕೈಗೆ ಸಿಕ್ಕ ಕಪ್ಪು ವಾಶ್, ನುಲ್ನ್ ಆಯಿಲ್ ಇರಬಹುದು ಇನ್ನೊಂದಿರಬಹುದು, ಅದನ್ನು ಹಳದಿಯ ಮೇಲೆ ಸುರಿಯುತ್ತಾರೆ. ಹಳದಿಗೆ ಕಪ್ಪು ಬೆರೆತರೆ ಪಾಚಿ ಹಸಿರು ಬರುತ್ತದೆ, ನಿಮ್ಮ ಸೈನ್ಯಕ್ಕೆ ಕಾಯಿಲೆ ಬಂದ ಹಾಗೆ ಕಾಣುತ್ತದೆ. ಹಳದಿಯ ನೆರಳು ಕೆಂಪು ಬೆರೆತ ಕಂದಾಗಿರಬೇಕು. ಅರಿಶಿನದ ಕೊಂಬನ್ನು ಮುರಿದು ನೋಡಿ: ಒಳಗಿನ ಗಾಢ ಭಾಗ ಕಪ್ಪಲ್ಲ, ಕಿತ್ತಳೆ-ಕಂದು. ಅದೇ ನಮಗೆ ಬೇಕಾದದ್ದು. ಸೆರಾಫಿಮ್ ಸೀಪಿಯಾ ಅಥವಾ ರೈಕ್‌ಲ್ಯಾಂಡ್ ಫ್ಲೆಶ್‌ಶೇಡ್ ಸರಿ ಹೋಗುತ್ತದೆ. ಬ್ರಷ್ ತುಂಬ ತೆಗೆದುಕೊಂಡು ತಲೆಯಿಂದ ಕಾಲಿಗೆ ಇಳಿಸಿ. ಕಾಲಿನ ಬುಡದಲ್ಲಿ ಕೆರೆಯಂತೆ ನಿಂತದ್ದನ್ನು ಒಣ ಬ್ರಷ್ ತುದಿಯಿಂದ ಹೀರಿಬಿಡಿ. ಅರ್ಧ ಗಂಟೆ ಮುಟ್ಟಬೇಡಿ. ಮಳೆಗಾಲವಾದರೆ ಒಂದು ಗಂಟೆ.

ಒಣಗಿದ ಮೇಲೆ ನೋಡಿದರೆ ಎಲ್ಲ ಕೊಳಕಾಗಿದೆ ಅನ್ನಿಸುತ್ತದೆ. ಹೆದರಬೇಡಿ, ಎಲ್ಲರಿಗೂ ಹಾಗನ್ನಿಸುತ್ತದೆ. ಮುಂದಿನದು ಡ್ರೈಬ್ರಷ್. ಮೇಕಪ್ ಬ್ರಷ್ ತುದಿಗೆ ಹೊಳಪಿನ ಹಳದಿ, ಉದಾಹರಣೆಗೆ ಫ್ಲ್ಯಾಶ್ ಗಿಟ್ಜ್ ಯೆಲ್ಲೋ, ತಾಗಿಸಿ. ಅದನ್ನು ರಟ್ಟಿನ ಮೇಲೆ ಉಜ್ಜುತ್ತ ಹೋಗಿ, ಇನ್ನೇನು ಬಣ್ಣವೇ ಇಲ್ಲ ಅನ್ನುವವರೆಗೆ. ಆಮೇಲೆ ಬೆರಳ ತುದಿಯ ಗೆರೆಗಳ ಮೇಲೆ ಎಳೆಯಿರಿ. ಗೆರೆಗಳ ಮೇಲ್ಭಾಗಕ್ಕೆ ಮಾತ್ರ ಬಣ್ಣ ಹತ್ತಿದರೆ ಹದ ಬಂದಿದೆ. ಈಗ ಸೈನಿಕರ ಮೇಲಿನಿಂದ ಕೆಳಕ್ಕೆ, ಧೂಳು ಒರೆಸಿದಂತೆ ಹಗುರವಾಗಿ ಆಡಿಸಿ. ಹೆಲ್ಮೆಟ್ಟಿನ ನೆತ್ತಿ, ಭುಜದ ಅಂಚು, ಮೊಣಕಾಲು ಇದ್ದಕ್ಕಿದ್ದಂತೆ ಎದ್ದು ಬರುತ್ತವೆ. ಮೂವತ್ತು ಜನರಿಗೆ ಹತ್ತು ನಿಮಿಷ. ಈ ಹವ್ಯಾಸದಲ್ಲಿ ಇದಕ್ಕಿಂತ ಖುಷಿ ಕೊಡುವ ಹತ್ತು ನಿಮಿಷ ನನಗೆ ಗೊತ್ತಿಲ್ಲ.

ಡ್ರೈಬ್ರಷ್ ಆದ ಮೇಲೆ ಬಂದೂಕಿಗೆ ಕಪ್ಪು. ಬ್ರಷ್‌ನ ತುದಿಯಿಂದಲ್ಲ, ಮಗ್ಗುಲಿನಿಂದ ಬಂದೂಕಿನ ಉದ್ದಕ್ಕೆ ಸವರಿ, ಆಗ ಎದೆಗೆ ತಾಗುವುದಿಲ್ಲ. ಕಪ್ಪು ಒಣಗಿದ ಮೇಲೆ ಬಂದೂಕಿನ ಬೆನ್ನಿಗೆ ಬೆಳ್ಳಿಯ ಒಂದು ಗೆರೆ. ದಳನಾಯಕನೊಬ್ಬನಿಗೆ ಕೆಂಪು ಚುಕ್ಕೆ, ಹೆಲ್ಮೆಟ್ಟಿಗೋ ಭುಜಕ್ಕೋ. ಕೊನೆಗೆ ದಂತದ ಬಣ್ಣವನ್ನು ಸೂಜಿಮೊನೆಯಷ್ಟು ತೆಗೆದುಕೊಂಡು ಪ್ರತಿ ಹೆಲ್ಮೆಟ್ಟಿನ ನೆತ್ತಿಗೆ ಒಂದೊಂದು ಚುಕ್ಕೆ ಇಡಿ. ಮೇಲಿನಿಂದ ನೋಡುವವನಿಗೆ ಮೊದಲು ಕಾಣುವುದು ತಲೆ, ಆ ಒಂದು ಚುಕ್ಕೆ ಇಡೀ ದಳವನ್ನು ಎಣಿಸುವಂತೆ ಮಾಡುತ್ತದೆ.

ಕಣ್ಣು, ಬೆಲ್ಟಿನ ಬಕಲ್, ಚೀಲ, ಬೂಟಿನ ತಳ, ಇವನ್ನು ಬಿಟ್ಟುಬಿಡಿ. ಕೈ ತುರಿಸುತ್ತದೆ, ಗೊತ್ತು.

ಹಳದಿಯ ತಾಪತ್ರಯ ಬೇಡ ಅನ್ನುವವರಿಗೆ ಸಿಟಾಡೆಲ್‌ನವರು 2019ರಲ್ಲಿ ತಂದ ಕಾಂಟ್ರಾಸ್ಟ್ ಬಣ್ಣಗಳು ಇವೆ. ಬಿಳಿ ಪ್ರೈಮರ್ ಮೇಲೆ ಒಂದೇ ಸಲ ಹಚ್ಚಿದರೆ ಎತ್ತರದ ಜಾಗದಲ್ಲಿ ತೆಳುವಾಗಿ, ತಗ್ಗಿನಲ್ಲಿ ಗಾಢವಾಗಿ ಕೂರುತ್ತವೆ. ಬೇಸ್ ಮತ್ತು ವಾಶ್ ಎರಡೂ ಒಂದೇ ಏಟಿಗೆ ಮುಗಿಯುತ್ತವೆ. ನೀಲಿ, ಹಸಿರು, ಕೆಂಪು ಸೈನ್ಯಕ್ಕೆ ನಾನಾದರೆ ಎರಡನೇ ಯೋಚನೆ ಇಲ್ಲದೆ ಇದನ್ನೇ ಬಳಸುತ್ತೇನೆ. ಆದರೂ ಮೇಲೊಂದು ಡ್ರೈಬ್ರಷ್ ಬಿಡಬೇಡಿ.

ಟ್ಯಾಂಕುಗಳು

ಟ್ಯಾಂಕಿನಲ್ಲಿ ಚಪ್ಪಟೆ ಜಾಗ ಜಾಸ್ತಿ. ಅದರ ಮೇಲೆಲ್ಲ ವಾಶ್ ಸುರಿದರೆ ಚಹಾ ಲೋಟದ ಕಲೆಯಂತೆ ವೃತ್ತ ವೃತ್ತವಾಗಿ ಒಣಗುತ್ತದೆ. ಇಲ್ಲಿ ವಾಶನ್ನು ಗೆರೆಗಳಿಗೆ ಮಾತ್ರ ಬಿಡಬೇಕು. ಮೊದಲು ಗ್ಲಾಸ್ (ಹೊಳಪಿನ) ವಾರ್ನಿಶ್ ಒಂದು ತೆಳು ಪದರ ಹಚ್ಚಿ. ಆಮೇಲೆ ಕಂದು ವಾಶನ್ನು ಬ್ರಷ್ ತುದಿಯಿಂದ ಪ್ಯಾನೆಲ್ ಗೆರೆಗೆ ಮುಟ್ಟಿಸಿದರೆ ಅದು ತಾನೇ ಗೆರೆಯುದ್ದಕ್ಕೂ ಓಡುತ್ತದೆ. ಹೊರಗೆ ಚೆಲ್ಲಿದ್ದನ್ನು ತಕ್ಷಣ ಒದ್ದೆ ಬ್ರಷ್‌ನಿಂದ ಒರೆಸಿ.

ಅಂಚುಗಳಿಗೆ ಬ್ರಷ್‌ನ ಮಗ್ಗುಲಿನಿಂದ ತಿಳಿ ಹಳದಿ ಎಳೆಯಿರಿ. ಚೈನಿಗೆ ಮೊದಲು ಗಾಢ ಕಂದು, ಆಮೇಲೆ ಬೆಳ್ಳಿಯ ಡ್ರೈಬ್ರಷ್. ಗೀರುಗಾಯಗಳಿಗೆ ಪ್ಯಾಕಿಂಗ್ ಸ್ಪಾಂಜಿನ ಚಿವುಟು ತೆಗೆದುಕೊಂಡು ಗಾಢ ಕಂದಿನಲ್ಲಿ ಅದ್ದಿ, ಮುಕ್ಕಾಲು ಪಾಲು ರಟ್ಟಿನ ಮೇಲೆ ಒತ್ತಿ ತೆಗೆದು, ಮೂಲೆಗಳಿಗೆ ಮಾತ್ರ ತಾಗಿಸಿ. ಕೈ ಬಿಗಿ ಇರಲಿ. ಈ ಅಳತೆಯಲ್ಲಿ ಒಂದು ಮಿಲಿಮೀಟರಿನ ಚಿಪ್ಪು ಅಂದರೆ ಹತ್ತಿರ ಹತ್ತಿರ ಒಂದಡಿ ಅಗಲದ ಗಾಯ.

ಲಾಂಛನದ ಡೆಕಾಲ್‌ಗಳನ್ನು (ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರಗಳು) ಟ್ಯಾಂಕಿಗೂ ಟೈಟನ್‌ಗೂ ಹಾಕಿ, ಸೈನಿಕರ ಭುಜಕ್ಕೆ ಹಾಕಲು ಹೋಗಿ ಕಣ್ಣು ಕೆಡಿಸಿಕೊಳ್ಳಬೇಡಿ. ಗ್ಲಾಸ್ ಪದರದ ಮೇಲೆಯೇ ಹಾಕಬೇಕು, ಒರಟು ಮೇಲ್ಮೈಯಲ್ಲಿ ಅಡಿಗೆ ಗಾಳಿ ಸಿಕ್ಕಿ ಬೆಳ್ಳಗೆ ಮಿನುಗುತ್ತದೆ. ಅರ್ಧ ನಿಮಿಷ ನೀರಿನಲ್ಲಿಟ್ಟು, ಬ್ರಷ್‌ನಿಂದ ಜಾರಿಸಿ, ಟಿಶ್ಯೂ ಮೂಲೆಯಿಂದ ನೀರು ಹೀರಿ.

ಟೈಟನ್‌ಗೆ ಮಾತ್ರ ಸಮಯ ಕೊಡಿ. ನನ್ನದಕ್ಕೆ ಎರಡು ವಾರಾಂತ್ಯ ಹಿಡಿಯಿತು. ಮೇಜಿನ ಮೇಲೆ ಎಲ್ಲರ ಕಣ್ಣು ಮೊದಲು ಹೋಗುವುದು ಅದರ ಮೇಲೆ. ಅದರ ಮೈಯಲ್ಲಿ ಚೆಂದದ ಕೆಲಸ ಕಂಡರೆ ಪಕ್ಕದ ನೂರಿಪ್ಪತ್ತು ಜನರೂ ಅಷ್ಟೇ ಚೆಂದ ಇದ್ದಾರೆ ಅಂತ ಕಣ್ಣು ತಾನೇ ನಂಬಿಬಿಡುತ್ತದೆ. ಕವಚದ ಹಾಳೆಗಳನ್ನು ಬೇರೆಯಾಗಿ, ಅಸ್ಥಿಪಂಜರವನ್ನು ಬೇರೆಯಾಗಿ ಹಚ್ಚಿ ಕೊನೆಗೆ ಅಂಟಿಸಿ. ಕೂಡಿಸಿಬಿಟ್ಟರೆ ಹಾಳೆಯ ಹಿಂದಿನ ಪಿಸ್ಟನ್‌ಗಳಿಗೆ ಬ್ರಷ್ ಹೋಗುವುದಿಲ್ಲ.

ಬೇಸ್: ಅರ್ಧ ಸೈನ್ಯ ಇಲ್ಲೇ ಇದೆ

25 ಮಿ.ಮೀ. ಬೇಸನ್ನು ಮೇಲಿನಿಂದ ನೋಡಿ. ಐದು ತಲೆ, ಉಳಿದದ್ದೆಲ್ಲ ನೆಲ. ಸೈನಿಕರಿಗಿಂತ ಹೆಚ್ಚು ಜಾಗ ನೆಲದ್ದು. ಆದರೂ ಜನ ಕೊನೆಗೆ ಆತುರದಲ್ಲಿ ಒಂದು ಚಿಟಿಕೆ ಮರಳು ಉದುರಿಸಿ ಮುಗಿಸುತ್ತಾರೆ.

ಕಟ್ಟಡದ ಮರಳನ್ನು ಹಾಗೇ ಹಾಕಬೇಡಿ. 1:285 ಲೆಕ್ಕದಲ್ಲಿ ಒಂದು ಮಿಲಿಮೀಟರಿನ ಮರಳು ಕಣ 28 ಸೆಂ.ಮೀ. ಕಲ್ಲು. 8 ಮಿ.ಮೀ. ಸೈನಿಕರಿಗೆ ಸ್ವಲ್ಪ ಕಡಿಮೆ, ಆದರೂ ಕಲ್ಲೇ. ನನ್ನ ಮೊದಲ ನಾಲ್ಕು ಬೇಸುಗಳಲ್ಲಿ ಸೈನಿಕರು ಹಂಪಿಯ ಬಂಡೆಗಳ ನಡುವೆ ಸಿಕ್ಕಿಕೊಂಡವರ ಹಾಗಿದ್ದರು. ಬನ್ಸಿ ರವೆಯಷ್ಟು ದಪ್ಪದ್ದನ್ನು ಜರಡಿ ಹಿಡಿದು ತೆಗೆದುಬಿಡಿ. ಚಿರೋಟಿ ರವೆಗಿಂತ ಸಣ್ಣದು ಮಾತ್ರ ಉಳಿಯಲಿ. ನಿಜವಾದ ರವೆಯನ್ನೇ ಬಳಸಬೇಡಿ, ಇರುವೆಗಳಿಗೆ ಹಬ್ಬ. ದಪ್ಪ ಕಣಗಳನ್ನು ಎಸೆಯಬೇಡಿ, ಒಂದು ಬೇಸಿಗೆ ಒಂದೆರಡು ಇಟ್ಟರೆ ಒಳ್ಳೆಯ ಬಂಡೆಯಾಗುತ್ತವೆ.

ಸೈನಿಕರನ್ನು ಬೇಸಿಗೆ ಅಂಟಿಸಿ, ಕಾಲ ಸುತ್ತ ನೀರು ಬೆರೆಸಿದ ಫೆವಿಕಾಲನ್ನು ಹಳೆಯ ಬ್ರಷ್‌ನಿಂದ ಹರಡಿ, ಮರಳಲ್ಲಿ ಅದ್ದಿ ಕೊಡವಿ. ರಾತ್ರಿ ಒಣಗಲಿ. ಗಾಢ ಕಂದು ಹಚ್ಚಿ, ಮೇಲೆ ತಿಳಿ ಕಂದಿನ ಡ್ರೈಬ್ರಷ್. ಕಾಲಿಗೆ ಸ್ವಲ್ಪ ತಾಗಿದರೆ ಒಳ್ಳೆಯದೇ, ಕೆಸರಲ್ಲಿ ನಡೆದು ಬಂದ ಹಾಗೆ ಕಾಣುತ್ತದೆ. ಹುಲ್ಲಿನ ವಿಷಯದಲ್ಲೂ ಅದೇ ಲೆಕ್ಕ. ಅಂಗಡಿಯ 2 ಮಿ.ಮೀ. ಸ್ಟ್ಯಾಟಿಕ್ ಗ್ರಾಸ್ ಇಲ್ಲಿ ಅರ್ಧ ಮೀಟರ್ ದಾಟುವ ಬೆಳೆ. ಅದರ ಬದಲು ಪುಡಿ ಸ್ಪಾಂಜಿನ ಟರ್ಫ್ ಅಲ್ಲಲ್ಲಿ ಒಂದು ಚಿಟಿಕೆ. ಹಿಮ ಬೇಕೆಂದು ಅಡುಗೆ ಸೋಡಾ ಹಾಕುವವರಿದ್ದಾರೆ, ಕಾಲ ಕಳೆದಂತೆ ಹಳದಿಯಾಗುತ್ತದೆ.

ಬೇಸಿನ ಅಂಚಿಗೆ ಒಂದೇ ಬಣ್ಣ, ಇಡೀ ಸೈನ್ಯಕ್ಕೆ. ನನ್ನದು ಕಪ್ಪು. ಹಿಂಬದಿಯ ಅಂಚಿನಲ್ಲಿ ದಳಕ್ಕೊಂದು ಬಣ್ಣದ ಪುಟ್ಟ ಗೆರೆ ಹಾಕಿ. 24 ಬೇಸು ಮೇಜಿನ ಮೇಲೆ ಬೆರೆತುಹೋದಾಗ ಯಾವುದು ಯಾವ ದಳ ಅಂತ ಜಗಳವಾಗುವುದಿಲ್ಲ.

ವಾರ್ನಿಶ್ ಮತ್ತು ಡಬ್ಬಿ

ಆಟದಲ್ಲಿ ಈ ಬೇಸುಗಳನ್ನು ಬೆರಳುಗಳು ದಿನವಿಡೀ ಎತ್ತಿಡುತ್ತವೆ. ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಎರಡು ತೆಳು ಪದರ ಬೇಕೇ ಬೇಕು. ಸ್ಪ್ರೇ ಆದರೆ ಪ್ರೈಮರಿಗೆ ಹೇಳಿದ ತೇವದ ನಿಯಮವೇ ಇಲ್ಲೂ. ತೇವದಲ್ಲಿ ಹೊಡೆದರೆ ಬೂದಿ ಎರಚಿದಂತೆ ಬೆಳ್ಳಗಾಗುತ್ತದೆ. ಹಾಗಾಗಿಬಿಟ್ಟರೆ ಅಳುವ ಮುನ್ನ ಮೇಲೊಂದು ಗ್ಲಾಸ್ ವಾರ್ನಿಶ್ ಹಚ್ಚಿ ನೋಡಿ, ಬಹಳ ಸಲ ಬಿಳುಪು ಮಾಯವಾಗುತ್ತದೆ. ಪೂರ್ತಿ ಒಣಗಿದ ಮೇಲೆ ಒಣ ದಿನ ನೋಡಿ ಮತ್ತೆ ಮ್ಯಾಟ್. ಟ್ಯಾಂಕಿನ ಹೆಡ್‌ಲೈಟಿಗೂ ಟೈಟನ್‌ನ ಕಣ್ಣಿಗೂ ಕೊನೆಗೆ ಒಂದು ಹನಿ ಗ್ಲಾಸ್.

ಇಡುವುದಕ್ಕೆ ಬೇಸಿನ ಅಡಿಗೆ ಮ್ಯಾಗ್ನೆಟ್ ಶೀಟ್ ಕತ್ತರಿಸಿ ಅಂಟಿಸಿ, ಸ್ಟೀಲ್ ಡಬ್ಬಿಯಲ್ಲಿ ನಿಲ್ಲಿಸುತ್ತೇನೆ. ಬೈಕಿನಲ್ಲಿ ಒಯ್ದರೂ ಒಬ್ಬನೂ ಬೀಳುವುದಿಲ್ಲ. ಆದರೆ ಎಲ್ಲ ಸ್ಟೀಲಿಗೂ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಅಡುಗೆಮನೆಯ ಒಳ್ಳೆಯ 304 ದರ್ಜೆಯ ಡಬ್ಬಿಗಳಿಗೆ ಹೆಚ್ಚಾಗಿ ಹಿಡಿಯುವುದೇ ಇಲ್ಲ, ಬಿಸ್ಕತ್ತು ಬರುವ ತಗಡಿನ ಡಬ್ಬಿಗೆ ಗಟ್ಟಿಯಾಗಿ ಹಿಡಿಯುತ್ತದೆ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ತುಂಡು ಮ್ಯಾಗ್ನೆಟ್ ಇಟ್ಟುಕೊಂಡು ಹೋಗಿ.